ನಾನಿಯನ್ನು ಕೂರಿಸುವುದು ಖಿದ್ಮತ್ ಅಲ್ಲ

ಅಕೌಂಟೆನ್ಸಿಯಲ್ಲಿ ಯಂತ್ರದ ಸವಕಳಿಯನ್ನು ವರ್ಷಕ್ಕಿಷ್ಟು ಎಂದು ಕಳೆಯುತ್ತೇವೆ. ಮನುಷ್ಯನ ಹೃದಯಕ್ಕೆ ಈ ಲೆಕ್ಕ ಸರಿಹೊಂದುವುದಿಲ್ಲ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ಹೃದಯದ ಸಾಮರ್ಥ್ಯ ಬಹಳ ಕುಸಿಯಿತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಅಷ್ಟು ವರ್ಷಗಳ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ನಷ್ಟವೇ ದೊಡ್ಡದಾಗಿತ್ತು! ಆಮೇಲೆ ಆರು ತಿಂಗಳು ನಡಿಗೆ, ಓಟ, ಸೈಕಲ್ ಮಾಡಿಸಿದಾಗ ವಯಸ್ಸಿನಿಂದ ಕಳೆದುಕೊಂಡ ಶಕ್ತಿ ವಾಪಸ್ ಬಂತು.

ಐದೇ ಜನ, ಅವರೂ ಗಂಡಸರು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಇಷ್ಟಕ್ಕೆ ಒಪ್ಪಲಾರರು. ಆದರೂ ನನಗೆ ನಮ್ಮ ಮನೆಗಳ ನೆನಪಾಯಿತು. ಹಿರಿಯರು ಏಳಲು ಹೊರಟರೆ ಸಾಕು, ‘ನೀವು ಕೂರಿ, ನಾವಿದ್ದೇವೆ’ ಎನ್ನುತ್ತೇವೆ. ನಾನಿ ಕೊತ್ತಂಬರಿ ಸೊಪ್ಪು ತರಲು ಚಪ್ಪಲಿ ಹಾಕಿದರೆ ಮನೆಯವರೆಲ್ಲ ಬೇಡ ಬೇಡ ಎಂದು ತಡೆಯುತ್ತಾರೆ. ಇದಕ್ಕೆ ಖಿದ್ಮತ್ ಎಂದು ಬೇರೆ ಹೆಸರು!

ಕಾಯಿಲೆ ಇದ್ದವರಿಗೆ ಡಾಕ್ಟರ್ ಹೇಳಿದ್ದೇ ಮಿತಿ. ಉಳಿದವರನ್ನು ಸಂಜೆ ನಾವೇ ಅಂಗಡಿವರೆಗೆ ನಡೆಸಿಕೊಂಡು ಹೋಗಬಾರದೇ? ಒಳ್ಳೆಯ ಸೊಪ್ಪು ಆರಿಸಲು ನಮಗಂತೂ ಬರುವುದಿಲ್ಲ.