ಕುಸಿದ ಗುಡ್ಡದ ಲೆಕ್ಕದಲ್ಲಿ ಸೊಪ್ಪು, ಕಪ್ಪೆ, ಜೇನು ಎಲ್ಲಿ?

ಆಗಸ್ಟ್ 3 ಬಂತೆಂದರೆ ನಮ್ಮ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ. ಕಕ್ಕಡ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿಗೆ ಔಷಧದ ಗುಣ ತುಂಬಿರುತ್ತದೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದು ಪಶ್ಚಿಮ ಘಟ್ಟದ ಗಿಡ. ತೋಟದ ಬೇಲಿ ಬದಿ, ತೊರೆಯ ದಡ, ಮರದ ನೆರಳು ಇದ್ದಲ್ಲಿ ತಾನಾಗಿ ಬೆಳೆಯುತ್ತದೆ. ಇದಕ್ಕೆ ಯಾರೂ ಗೊಬ್ಬರ ಹಾಕಿದ್ದಿಲ್ಲ, ಯಾರೂ ಲೆಕ್ಕ ಇಟ್ಟಿದ್ದೂ ಇಲ್ಲ.

2018ರಲ್ಲಿ ಆ ಪಾಯಸ ಉಂಡು ಎರಡು ವಾರ ಕಳೆಯುವಷ್ಟರಲ್ಲಿ ಗುಡ್ಡ ಜರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ. ಈ ಹೆಸರುಗಳನ್ನು ರಾಜ್ಯವೆಲ್ಲ ಕೇಳಿತು. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಸತತ ಮೂರು ಆಗಸ್ಟ್ ತಿಂಗಳು ನಾವು ಕೆಸರಲ್ಲಿ ನಿಂತು ಸುದ್ದಿ ಕಳಿಸಿದೆವು.

ನಾವು ಕಳಿಸಿದ ಸುದ್ದಿಯ ಮಾದರಿ ಒಂದೇ ಆಗಿತ್ತು. ಸತ್ತವರೆಷ್ಟು, ಮನೆ ಎಷ್ಟು, ಪರಿಹಾರ ಕೇಂದ್ರದಲ್ಲಿ ಎಷ್ಟು ಜನ, ಕಾಫಿ ಎಷ್ಟು ಎಕರೆ, ರಸ್ತೆ ಎಲ್ಲೆಲ್ಲಿ ಬಂದ್. ಅದು ತಪ್ಪಲ್ಲ. ಮೊದಲು ಮನುಷ್ಯರ ಜೀವ, ಆಮೇಲೆ ಮಿಕ್ಕಿದ್ದು. ಆದರೆ ಆ 'ಆಮೇಲೆ' ಬರಲೇ ಇಲ್ಲ. ಮಣ್ಣು ಒಣಗಿದ ಮೇಲೆ ನಾವೂ ಬೇರೆ ಸುದ್ದಿಯ ಹಿಂದೆ ಹೋದೆವು. ಗುಡ್ಡದ ಜೊತೆ ಮನುಷ್ಯರಲ್ಲದ ಇನ್ನೇನೇನು ಹೋಯಿತು ಎಂದು ನಾವು ಬರೆಯಲಿಲ್ಲ.

ಸರ್ಕಾರದ ಲೆಕ್ಕವೂ ಅಷ್ಟೇ. ಆಗ ಜಾರಿಯಲ್ಲಿದ್ದ ವಿಪತ್ತು ಪರಿಹಾರ ನಿಯಮದಲ್ಲಿ ಹಾಲು ಕೊಡುವ ಹಸು ಸತ್ತರೆ 30,000 ರೂಪಾಯಿ. ಕಾಫಿಯಂಥ ಬಹುವಾರ್ಷಿಕ ಬೆಳೆ ಹೋದರೆ ಹೆಕ್ಟೇರಿಗೆ 18,000. ಭೂಕುಸಿತದಲ್ಲಿ ಜಮೀನೇ ಕೊಚ್ಚಿಹೋದರೆ ಹೆಕ್ಟೇರಿಗೆ 37,500. ಈ ಹಣ ಸಾಕಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆದರೆ ಪಟ್ಟಿಯಲ್ಲಿ ಒಂದು ಸಾಲಾದರೂ ಇದೆ. ಹೆಜ್ಜೇನು ಕಟ್ಟುತ್ತಿದ್ದ ಮರಕ್ಕೆ, ಗದ್ದೆಯ ಕೊಯಿಲೆ ಮೀನಿಗೆ, ಹುತ್ತದ ಮೇಲೆ ಏಳುತ್ತಿದ್ದ ಅಣಬೆಗೆ ಆ ಸಾಲೂ ಇಲ್ಲ.

ಇದೆಲ್ಲ ಮರುಕದ ಮಾತಲ್ಲ, ಹೊಟ್ಟೆಪಾಡಿನ ಮಾತು. ಹೇಗೆ ಅಂತ ನೋಡೋಣ.

ಗುಡ್ಡ ಜರಿದಾಗ ಮೊದಲು ಹೋಗುವುದು ಮೇಲ್ಮಣ್ಣು. ಮೊಳಕೆಗೆ ಕಾದು ಮಲಗಿರುವ ಬೀಜಗಳು ಅದರಲ್ಲೇ ಇರುತ್ತವೆ. ಬೇರಿಗೆ ಅಂಟಿಕೊಂಡು ಗಿಡಕ್ಕೆ ಆಹಾರ ಎಳೆದುಕೊಡುವ ಶಿಲೀಂಧ್ರಗಳು, ಎರೆಹುಳು, ಗೆದ್ದಲು ಎಲ್ಲವೂ ಅಲ್ಲೇ. ನಮ್ಮವರು ಮೊದಲ ಮಳೆಗೆ ಕಾದು ಕಿತ್ತು ತರುವ ಹುತ್ತದ ಅಣಬೆ ಗೆದ್ದಲಿಲ್ಲದೆ ಹುಟ್ಟುವುದಿಲ್ಲ. ಮಣ್ಣು ಹೋದರೆ ಗೆದ್ದಲು ಹೋಯಿತು, ಗೆದ್ದಲು ಹೋದರೆ ಅಣಬೆ ಹೋಯಿತು.

ಆ ಮಣ್ಣು ಇಳಿದದ್ದು ತೊರೆಗೆ. ತೊರೆಯ ಕಲ್ಲಿನ ಸಂದಿಗಳಲ್ಲಿ ಮೀನು ಮೊಟ್ಟೆ ಇಡುತ್ತದೆ, ಏಡಿ ಅಡಗುತ್ತದೆ, ಕಪ್ಪೆಮರಿ ಬೆಳೆಯುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಪ್ರಾಣಿ. ಸಂದಿಗಳಲ್ಲಿ ಕೆಸರು ತುಂಬಿದರೆ ಇವಕ್ಕೆಲ್ಲ ಮನೆ ಮುಳುಗಿದಂತೆಯೇ. ಅವಕ್ಕೆ ಪರಿಹಾರ ಕೇಂದ್ರ ಇಲ್ಲ, ಅಷ್ಟೇ ವ್ಯತ್ಯಾಸ. ಹೂಳು ಅಲ್ಲಿಗೇ ನಿಲ್ಲದೆ ಹಾರಂಗಿ ಜಲಾಶಯದವರೆಗೂ ಹೋಯಿತು. ಅಂದರೆ ಮಕ್ಕಂದೂರಿನ ಮಣ್ಣು ಕೆಳಗಿನ ರೈತನ ನೀರಿನ ಜಾಗವನ್ನು ತಿಂದಿತು.

ಇನ್ನು ಜೇನು. ರೊಬಸ್ಟಾ ಕಾಫಿ ಗಿಡದ ಹೂವಿಗೆ ಅದೇ ಗಿಡದ ಪರಾಗ ಆಗುವುದಿಲ್ಲ. ಬೇರೆ ಗಿಡದ ಪರಾಗವೇ ಬರಬೇಕು. ಅದನ್ನು ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಜೇನು ಚೆನ್ನಾಗಿದ್ದ ತೋಟದಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತದೆ ಎಂಬುದು ಬೆಳೆಗಾರರಿಗೆ ಗೊತ್ತಿರುವ ವಿಷಯ. ಹೆಜ್ಜೇನು ಕಟ್ಟಲು ಎತ್ತರದ ಹಳೆ ಮರ ಬೇಕು. ತುಡುವೆಗೆ ಪೊಟರೆ ಬೇಕು. ಆ ಮರಗಳು ಕೊಚ್ಚಿಹೋದರೆ ನಷ್ಟ ಅದೇ ಎಕರೆಗೆ ನಿಲ್ಲುವುದಿಲ್ಲ, ಉಳಿದ ತೋಟಕ್ಕೂ ತಟ್ಟುತ್ತದೆ.

ಹಾಗಂತ ಪ್ರವಾಹ, ಭೂಕುಸಿತ ಎಂದರೆ ಕಾಡಿಗೆ ಬರೀ ಸಾವು ಎಂದು ತಿಳಿಯುವುದೂ ಸರಿಯಲ್ಲ. ಘಟ್ಟದ ಗುಡ್ಡಗಳು ಹಿಂದೆಯೂ ಜರಿದಿವೆ. ಜರಿದ ಜಾಗಕ್ಕೆ ಬಿಸಿಲು ಬೀಳುತ್ತದೆ, ಬಿಸಿಲು ಬೇಡುವ ಗಿಡಗಳು ಬರುತ್ತವೆ. ಮೊದಲು ಹುಲ್ಲು, ಜರಿಗಿಡ. ಆಮೇಲೆ ಉಪ್ಪಳಿಗೆಯಂಥ ಬೇಗ ಬೆಳೆಯುವ ಮರಗಳು. ಅವುಗಳ ನೆರಳಲ್ಲಿ ನಿಧಾನದ ಮರಗಳು. ಗುಡ್ಡದ ಬುಡದಲ್ಲಿ ಮಣ್ಣು ಬಂದು ಬಿದ್ದ ಕಡೆ ಹಸಿರು ಬೇಗ ಬರುತ್ತದೆ. ಮೇಲೆ ಬಂಡೆ ಕಾಣುವ ಕಡೆ ವರ್ಷಗಟ್ಟಲೆ ಬೋಳು. ಒಳ್ಳೆಯ ಕಾಡಾಗಲು ದಶಕಗಳೇ ಬೇಕು.

ಈ ಚೇತರಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮುಖ್ಯ. ಇದಕ್ಕೆ ದೂರದ ಒಂದು ಉದಾಹರಣೆ ಹೇಳಬೇಕು. ಅಮೆರಿಕದ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ 1980ರ ಮೇ 18ರಂದು ಸಿಡಿಯಿತು. ಸುತ್ತಲಿನ ಕಾಡು ಮಲಗಿ ಬೂದಿಯಲ್ಲಿ ಮುಚ್ಚಿಹೋಯಿತು. ಅಲ್ಲಿ ಇನ್ನೇನೂ ಉಳಿದಿಲ್ಲ ಎಂದೇ ಕಂಡಿತ್ತು. ಹೋಗಿ ನೋಡಿದರೆ ಹಿಮದ ಕೆಳಗಿದ್ದ ಸಸಿಗಳು ಬದುಕಿದ್ದವು. ನಮ್ಮ ಹೆಗ್ಗಣದ ಹಾಗೆ ಬಿಲ ತೋಡುವ ಗೋಫರ್ ಎಂಬ ಪ್ರಾಣಿ ನೆಲದೊಳಗೆ ಬದುಕಿತ್ತು. ಅದು ತೋಡಿದಾಗ ಅಡಿಯ ಹಳೆ ಮಣ್ಣು ಮೇಲೆ ಬಂತು, ಆ ಮಣ್ಣಲ್ಲಿ ಗಿಡ ಹಿಡಿಯಿತು. ಉಳಿದದ್ದು ಚೂರುಪಾರೇ ಆದರೂ ಕಾಡು ಮತ್ತೆ ಶುರುವಾದದ್ದು ಅಲ್ಲಿಂದ.

ನಮ್ಮಲ್ಲೂ ಇದಕ್ಕೆ ಸಾಕ್ಷಿ ಇದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗಿನ ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದನ್ನು ಮನೆಯ ಹಿರಿಯರನ್ನು ಕೇಳಿ. ರೋಗ ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಜೇನು ನಿಧಾನಕ್ಕೆ ಮರಳಿತು.

ನಾವು ಹೇಳಲು ಹೊರಟದ್ದು ಇಷ್ಟೇ. ಅನಾಹುತ ಆದ ಮೇಲೆ ಹೊಸದಾಗಿ ಏನು ನೆಡಬೇಕು ಅನ್ನುವುದಕ್ಕಿಂತ, ಏನು ಉಳಿದಿದೆಯೋ ಅದನ್ನು ಕಾಯುವುದು ಮೊದಲ ಕೆಲಸ. ಕುಸಿದ ಜಾಗದ ಅಂಚಿನ ಮರಗಳು, ಪಕ್ಕದ ದೇವರಕಾಡು, ತೊರೆಯ ಬದಿಯ ಪೊದೆ. ಇವೇ ಬೀಜದ ಕಣಜ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿನ ಹಣ್ಣು ತಿಂದ ಮಂಗಟ್ಟೆ, ಪಿಕಳಾರ, ಬಾವಲಿ, ಪುನುಗು ಬೆಕ್ಕು ಬೀಜವನ್ನು ಬೋಳು ಗುಡ್ಡಕ್ಕೆ ತಂದು ಹಾಕುತ್ತವೆ. ಇದಕ್ಕೆ ಟೆಂಡರ್ ಬೇಕಾಗಿಲ್ಲ.

ಆದರೆ ನಡೆಯುವುದೇ ಬೇರೆ. ಗುಡ್ಡ ಕುಸಿದ ಕೂಡಲೇ ಜೆಸಿಬಿ ಬರುತ್ತದೆ. ದಾರಿ ತೆರವು ಮಾಡಲು ಬೇಕು ನಿಜ. ದಾರಿ ಆದ ಮೇಲೂ ಅದು ಅಂಚನ್ನು ಕೆರೆಯುತ್ತಲೇ ಇರುತ್ತದೆ. ರಸ್ತೆಗೆ, ಮನೆಗೆ ಇಳಿಜಾರನ್ನು ಕಡಿದದ್ದೇ ಕುಸಿತಕ್ಕೆ ದೊಡ್ಡ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2018ರ ನಂತರ ಹೇಳಿತ್ತು. ಆಮೇಲೆ ಪರಿಸರ ದಿನ ಬರುತ್ತದೆ. ಒಂದೇ ಜಾತಿಯ ನೂರು ಸಸಿ, ಒಂದು ಫೋಟೋ. ಆ ಫೋಟೋ ಹಾಕಿದವರಲ್ಲಿ ನಾವೂ ಇದ್ದೇವೆ. ಸಸಿ ಉಳಿಯಿತೇ ಎಂದು ಮರುವರ್ಷ ನೋಡಲು ಹೋದವರು ನಮ್ಮಲ್ಲಿ ಕಡಿಮೆ. ಖಾಲಿ ಬಿಟ್ಟ ಜಾಗಕ್ಕೆ ಲಂಟಾನ, ಕಮ್ಯುನಿಸ್ಟ್ ಗಿಡ ನುಗ್ಗಿದರೆ ಊರ ಗಿಡಗಳಿಗೆ ತಲೆ ಎತ್ತಲು ಜಾಗವೇ ಸಿಗುವುದಿಲ್ಲ.

ಇಲ್ಲಿ ಬೆಳೆಗಾರರ ಮಾತೂ ಕೇಳಬೇಕು. ಕುಸಿದ ತೋಟಕ್ಕೆ ಸಿಲ್ವರ್ ಓಕ್ ನೆಟ್ಟರೆ ನಾವು ಬೈಯುತ್ತೇವೆ. ಅದು ಆಸ್ಟ್ರೇಲಿಯಾದ ಮರ, ನಮ್ಮ ಹಕ್ಕಿಗೆ ಬೇಕಾದ ಹಣ್ಣು ಅದರಲ್ಲಿಲ್ಲ. ಆದರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಡಿಯಲು ಅನುಮತಿ ಬೇಡ. ಬೀಟೆ, ಹೊನ್ನೆ, ನಂದಿ ನೆಟ್ಟು ಮೂವತ್ತು ವರ್ಷ ಸಾಕಿದವನು ಕಷ್ಟಕ್ಕೆ ಒಂದು ಮರ ಕಡಿಯಲು ಕಚೇರಿಗಳ ಮೆಟ್ಟಿಲು ಹತ್ತಬೇಕು. ಊರ ಮರ ಸಾಕಿದವನಿಗೆ ತೊಂದರೆ, ಹೊರಗಿನ ಮರ ನೆಟ್ಟವನಿಗೆ ಸಲೀಸು. ಈ ನಿಯಮ ಹೀಗೇ ಇರುವಾಗ ಬೆಳೆಗಾರನನ್ನಷ್ಟೇ ದೂರುವುದು ನ್ಯಾಯವಲ್ಲ. ಕುಸಿದ ಜಾಗದಲ್ಲಿ ಅತ್ತಿ, ಹಲಸು, ನೇರಳೆ, ಹೊನ್ನೆ ಉಳಿಸಿ ಬೆಳೆಸಿದವನಿಗೆ ವರ್ಷಕ್ಕೆ ಇಷ್ಟು ಎಂದು ಸರ್ಕಾರ ಹಣ ಕೊಡಲಿ. ಮನೆಗೆ, ಬೆಳೆಗೆ ಇರುವ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಬರಲಿ.

ಕೇಳುವ ಮೊದಲು ನಮ್ಮ ಹತ್ತಿರ ಲೆಕ್ಕ ಇರಬೇಕು. ಏನಿತ್ತು ಎಂದು ಬರೆದಿಡದಿದ್ದರೆ ಏನು ಹೋಯಿತು ಎಂದು ಹೇಳುವುದು ಹೇಗೆ? ಕೊಡಗಿನ ಒಂದು ಇರುಳುಗಪ್ಪೆಯ ಕಥೆ ಕೇಳಿ. 1920ರಲ್ಲಿ ಸಿ.ಆರ್. ನಾರಾಯಣ ರಾವ್ ಎಂಬ ಪ್ರಾಣಿವಿಜ್ಞಾನಿ ಅದನ್ನು ಗುರುತಿಸಿ ಬರೆದಿದ್ದರು. ಆಮೇಲೆ 91 ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. 2011ರಲ್ಲಿ ಮತ್ತೆ ಸಿಕ್ಕಿತು. ಅವರು ಬರೆದಿಟ್ಟಿದ್ದರಿಂದಲೇ 'ಮತ್ತೆ ಸಿಕ್ಕಿತು' ಎನ್ನಲು ಸಾಧ್ಯವಾಯಿತು. ಯಾರೂ ಬರೆಯದೆಯೇ ಕೆಸರಲ್ಲಿ ಹೋದ ಜೀವಿಗಳಿಗೆ ಆ ಭಾಗ್ಯ ಇಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಹಕ್ಕಿ, ಮೀನು, ನಾಟಿ ತಳಿಗಳನ್ನು ಜನರನ್ನೇ ಕೇಳಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು ಹಸಿರು ನ್ಯಾಯಮಂಡಳಿ ಆದೇಶಿಸಿತು. ಆ ಗಡುವಿನ ಅವಸರದಲ್ಲಿ ದೇಶದ ಹಲವು ಕಡೆ ಪುಸ್ತಕಗಳು ತುಂಬಿದವು, ಊರವರನ್ನು ಕೇಳಿದ್ದು ಕಡಿಮೆ ಎಂಬ ದೂರಿದೆ. ನಿಮ್ಮ ಪಂಚಾಯಿತಿಯ ಪುಸ್ತಕ ಹೇಗಿದೆ ಎಂದು ನೀವೇ ನೋಡಿ.

ನಮ್ಮ ಕೋರಿಕೆ ನಾಲ್ಕು.

ಒಂದು, ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲಾತಿಯನ್ನು ತೋರಿಸಿ ಎಂದು ಕೇಳಿ. ನಿಮ್ಮ ಊರಿನ ಅಣಬೆ, ಮೀನು, ಸೊಪ್ಪು ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ.

ಎರಡು, ಕುಸಿದ ಜಾಗದ ಅಂಚಿನ ಮರ ಮುಟ್ಟಬೇಡಿ. ಒಣಗಿ ನಿಂತ ಮರದಿಂದ ದಾರಿಗೆ, ಮನೆಗೆ ಅಪಾಯ ಇಲ್ಲದಿದ್ದರೆ ಅದನ್ನೂ ಬಿಡಿ. ಹಕ್ಕಿ ಕೂರಲು ಕೊಂಬೆ ಇದ್ದರೆ ತಾನೇ ಬೀಜ ಬೀಳುವುದು.

ಮೂರು, ನೆಡುವುದಾದರೆ ಪಕ್ಕದ ಕಾಡಿನ ಬೀಜದಿಂದಲೇ ಸಸಿ ಮಾಡಿ, ಹತ್ತಾರು ಜಾತಿ ನೆಡಿ. ಮಣ್ಣು ಹಿಡಿಯಲು ಲಾವಂಚ ಒಳ್ಳೆಯದು.

ನಾಲ್ಕು, ನಿಮ್ಮ ಕೈಯಲ್ಲಿರುವ ಇದೇ ಫೋನಿನಿಂದ ಕುಸಿದ ಜಾಗದ ಫೋಟೋ ತೆಗೆಯಿರಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಐದು ವರ್ಷದ ಐದು ಫೋಟೋ ಒಂದು ದಾಖಲೆ. ನಮಗೂ ಕಳಿಸಿ. ಸಸಿ ನೆಟ್ಟ ಫೋಟೋಗಿಂತ ಅದನ್ನು ದೊಡ್ಡದಾಗಿ ಹಾಕುತ್ತೇವೆ.

ಕೊಡಗಿಗಷ್ಟೇ ಈ ಮಾತು ಸೀಮಿತವಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಮದ್ದು ಸೊಪ್ಪಿನ ವೈಜ್ಞಾನಿಕ ಹೆಸರಿನಲ್ಲಿ ಇರುವುದೂ ಆ ವಯನಾಡೇ. ಘಟ್ಟ ಒಂದೇ, ಮಳೆ ಒಂದೇ, ಲೆಕ್ಕ ಇಡದ ಅಭ್ಯಾಸವೂ ಒಂದೇ.

ಮದ್ದು ಸೊಪ್ಪಿನ ಕಡ್ಡಿಯನ್ನು ತೇವದ ನೆರಳಲ್ಲಿ ಊರಿದರೆ ಸುಲಭವಾಗಿ ಚಿಗುರುತ್ತದೆ. ಈ ಬಾರಿ ಪಾಯಸಕ್ಕೆ ಸೊಪ್ಪು ಕೊಯ್ದವರು ನಾಲ್ಕು ಕಡ್ಡಿ ಪಕ್ಕಕ್ಕೆ ಇಡಿ. ಗುಡ್ಡ ಹೋದ ಮನೆಯವರಿಗೆ ಕೊಡಿ. ಎಲ್ಲಿ, ಯಾವತ್ತು ಊರಿದಿರಿ ಎಂದು ಬರೆದಿಡಿ. ಯಾರೂ ಇಡದ ಲೆಕ್ಕ ಅಲ್ಲಿಂದ ಶುರುವಾಗಲಿ.