ಹುಳದ ಹೊಟ್ಟೆಯೊಳಗಿನ ಲೆಕ್ಕ

ರಜೆಗೆ ಬೆಲ್ಲದ ಬಾಗೇವಾಡಿಗೆ ಬಂದ ಬೆಂಗಳೂರಿನ ಮೊಮ್ಮಗಳು ಕೇಳಿದಳು: "ಅಜ್ಜಾ, ಕೆರೆಯ ಕಳೆ ತಿನ್ನೋಕೆ ಹುಳ ಬಿಡ್ತಾರಂತೆ. ಅವು ಕೆಲಸ ಮಾಡ್ತಿವೆ ಅಂತ ಹೇಗೆ ಗೊತ್ತಾಗುತ್ತೆ? ಎಣಿಸ್ತಾರಾ?"

ಎಣಿಸುತ್ತಾರೆ ಮಕ್ಕಳೇ. ಆದರೆ ಎಣಿಕೆಯೊಂದೇ ಸಾಲದು.

ನೀಲಿ ಹೂವಿನ ಅಂತರಗಂಗೆಯನ್ನು ನೀವು ನೋಡಿಯೇ ಇರುತ್ತೀರಿ. ದಕ್ಷಿಣ ಅಮೆರಿಕದ ಗಿಡ. ಬಿಸಿಲು, ಕೊಳೆನೀರು ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿ. (ಬ್ಯಾಂಕಿನಲ್ಲಿ ಠೇವಣಿ ಇಮ್ಮಡಿಯಾಗಲು ನಮ್ಮ ಗಿರಾಕಿಗಳು ಎಷ್ಟು ವರ್ಷ ಕಾಯುತ್ತಿದ್ದರು!) ಅದರ ತವರಿನಲ್ಲಿ ಅದನ್ನು ತಿನ್ನುವ ಮೂತಿ ಹುಳುಗಳಿವೆ, ನಮ್ಮಲ್ಲಿ ಇರಲಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 1982–83ರಲ್ಲಿ ಎರಡು ಜಾತಿಯ ಹುಳುಗಳನ್ನು ಅಮೆರಿಕದ ಫ್ಲೋರಿಡಾದಿಂದ ತರಿಸಿದರು. ನಮ್ಮ ಬೆಳೆಗಳಿಗೆ ಬಾಯಿ ಹಾಕುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಬೆಂಗಳೂರಿನ ಸುತ್ತಲಿನ ಕೆರೆಗಳಿಗೆ ಬಿಟ್ಟರು. ಕೆಲವು ಕೆರೆಗಳಲ್ಲಿ ಮೂರ್ನಾಲ್ಕು ವರ್ಷಗಳಲ್ಲಿ ಮತ್ತೆ ನೀರು ಕಂಡಿತು.

ಹುಳು ಐದು ಮಿಲಿಮೀಟರಿನಷ್ಟು, ಅಕ್ಕಿ–ಜೋಳಕ್ಕೆ ಹತ್ತುವ ನುಸಿಯ ದೂರದ ನೆಂಟ. ಅದು ಎಲೆ ಕೆರೆದು ತಿಂದರೆ ಚುಕ್ಕೆ ಬೀಳುತ್ತದೆ, ಅಷ್ಟೆ. ನಿಜವಾದ ಪೆಟ್ಟು ಕೊಡುವುದು ಮರಿಹುಳು. ತಾಯಿ ಎಲೆಯ ದಂಟಿನೊಳಗೆ ಮೊಟ್ಟೆ ಇಡುತ್ತದೆ. ಮರಿ ದಂಟು ಕೊರೆಯುತ್ತ ಗಿಡದ ಬುಡಕ್ಕೆ ಇಳಿಯುತ್ತದೆ. ಅಲ್ಲಿ ನೀರು ನುಗ್ಗಿ ಗಿಡ ಕೊಳೆಯುತ್ತದೆ. ಹಾಗಾಗಿ ಕೆರೆಯಲ್ಲಿ ಸಾವಿರ ಹುಳುಗಳಿದ್ದೂ ಮೊಟ್ಟೆ ಇಡದಿದ್ದರೆ ಕಳೆ ಬೆಳೆಯುತ್ತಲೇ ಇರುತ್ತದೆ.

ಇಡದೇ ಇರುವುದೂ ಉಂಟು, ಇದೇ ಸೋಜಿಗ. ಗಿಡ ಎಳೆಯದಾಗಿ, ಸತ್ವಯುತವಾಗಿದ್ದರೆ ಹೆಣ್ಣುಹುಳು ಮೊಟ್ಟೆ ಕಟ್ಟುತ್ತದೆ, ರೆಕ್ಕೆಯ ಸ್ನಾಯು ಸೊರಗುತ್ತದೆ. ಗಿಡ ಬಡಕಲಾದರೆ ಅಂಡಾಶಯ ಕುಗ್ಗಿ ರೆಕ್ಕೆಯ ಸ್ನಾಯು ಬಲಿಯುತ್ತದೆ: ಊರು ಬಿಡುವ ತಯಾರಿ! ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಅದಕ್ಕೇ ತಜ್ಞರು ಕೆಲವು ಹುಳುಗಳನ್ನು ಹಿಡಿದು, ಸೂಕ್ಷ್ಮದರ್ಶಕದಡಿ ಸೂಜಿಯಿಂದ ಹೊಟ್ಟೆ ಬಿಡಿಸಿ ನೋಡುತ್ತಾರೆ. ("ಪಾಪ!" ಅಂದಳು ಮೊಮ್ಮಗಳು. ನನಗೂ ಹಾಗೇ ಅನ್ನಿಸಿತು.) ಅಂಡಾಶಯದ ಕೊಳವೆಗಳಲ್ಲಿ ಬಲಿತ ಮೊಟ್ಟೆಗಳಿವೆಯೇ? ಈಗಾಗಲೇ ಇಟ್ಟಿದ್ದರೆ ಕೊಳವೆಯ ಬುಡದಲ್ಲಿ ಕಲೆ ಉಳಿದಿರುತ್ತದೆ. ಎಷ್ಟು ಗಾಢವೋ ಅಷ್ಟು ಮೊಟ್ಟೆ ಇಟ್ಟ ಹುಳು. ಬಾಣಂತನದ ಪಾಸ್‌ಬುಕ್ಕು ಅನ್ನಿ.

ಹೆಚ್ಚಿನವು ಮೊಟ್ಟೆ ಇಡುತ್ತಿದ್ದರೆ ಆ ಕೆರೆಗೆ ಕಳೆನಾಶಕ ಹೊಡೆಯುವುದಾಗಲಿ, ಯಂತ್ರ ಇಳಿಸಿ ಗಿಡವನ್ನೆಲ್ಲ ಒಮ್ಮೆಲೇ ಎಳೆದುಹಾಕುವುದಾಗಲಿ ಮಾಡಬಾರದು. ದಂಟಿನೊಳಗಿನ ಮರಿಗಳೂ ಗಿಡದ ಜೊತೆಗೇ ಹೋಗುತ್ತವೆ. ತೆಗೆಯಲೇಬೇಕಾದರೆ ಒಂದು ಮೂಲೆಯ ಗಿಡಗಳನ್ನಾದರೂ ಹುಳುಗಳಿಗಾಗಿ ಬಿಡಬೇಕು.