ಎರಡು ರಾಜ್ಯಗಳ ನಡುವೆ ಅನಾಥವಾದ ಹಕ್ಕು

ಹೊರನಾಡ ಕನ್ನಡಿಗನಿಗೆ ಎರಡು ತವರುಗಳಿವೆ ಎಂಬ ಮಾತು ನಮ್ಮ ವೇದಿಕೆಗಳಿಂದ ಆಗಾಗ ಕೇಳಿಬರುತ್ತದೆ. ಹುಟ್ಟಿದ ನೆಲ ಒಂದು, ಅನ್ನವಿತ್ತ ನೆಲ ಇನ್ನೊಂದು. ರಾಜ್ಯೋತ್ಸವದ ಭಾಷಣಕ್ಕೆ ಶೋಭೆ ತರುವ ಈ ಮಾತಿನ ನಿಜಸ್ಥಿತಿ ಬಯಲಾದದ್ದು 2020ರಲ್ಲಿ. ಆ ವರ್ಷದ ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಇಲ್ಲಿ ಹೊಟೇಲುಗಳು ಮುಚ್ಚಿದ್ದವು, ಕಟ್ಟಡದ ಕೆಲಸ ನಿಂತಿತ್ತು, ಖೋಲಿಯ ಬಾಡಿಗೆ ಮಾತ್ರ ನಿಂತಿರಲಿಲ್ಲ. ಅಲ್ಲಿ ಗಡಿ ಮುಚ್ಚಿತ್ತು. 'ಮುಂಬಯಿಯಿಂದ ಬಂದವರು' ಎಂಬುದು ಊರಿನಲ್ಲಿ ರೋಗದ ಮತ್ತೊಂದು ಹೆಸರಾಯಿತು. ಎರಡು ತವರುಗಳಿದ್ದವನಿಗೆ ಆ ದಿನಗಳಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ.

ರೋಗನಿಯಂತ್ರಣ ಬೇಕಿತ್ತೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅಂಥ ಹೊತ್ತಿನಲ್ಲಿ ಈ ಮನುಷ್ಯ ತನ್ನ ದೂರನ್ನು ಯಾರ ಮುಂದೆ ಇಡಬೇಕಾಗಿತ್ತು ಎಂಬುದೇ ಪ್ರಶ್ನೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯನ್ವಯ ಮಹಾರಾಷ್ಟ್ರದಲ್ಲಿ 2001ರಿಂದ ರಾಜ್ಯ ಆಯೋಗವಿದೆ. ಕರ್ನಾಟಕದಲ್ಲಿ 2007ರಿಂದ ಕೆಲಸ ಮಾಡುತ್ತಿರುವ ಆಯೋಗವಿದೆ. ಆದರೆ ಒಂದರ ಅಧಿಕಾರ ಅದರ ಗಡಿಯಲ್ಲಿ ಮುಗಿಯುತ್ತದೆ. ಇನ್ನೊಂದರದು ಈಚೆಗೆ ದಾಟುವುದಿಲ್ಲ. ಉಳಿದದ್ದು ದಿಲ್ಲಿಯ ರಾಷ್ಟ್ರೀಯ ಆಯೋಗ. ಯಾದಗಿರಿಯಿಂದ ಬಂದು ಭಿವಂಡಿಯಲ್ಲಿ ಕಲ್ಲು ಹೊರುವವನಿಗೆ ದಿಲ್ಲಿ ಎಷ್ಟು ದೂರವೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಈ ಅನಾಥಸ್ಥಿತಿ ಹೊಸದೇನೂ ಅಲ್ಲ. 1969ರ ಫೆಬ್ರವರಿಯಲ್ಲಿ ಗಡಿವಿವಾದದ ಹೆಸರಿನಲ್ಲಿ ಈ ನಗರ ಹೊತ್ತಿ ಉರಿದಾಗ ನಮ್ಮ ಹಿರಿಯರಿಗೆ ಪೊಲೀಸ್ ಠಾಣೆಯ ಹೊರತು ದೂರು ಹೇಳಿಕೊಳ್ಳಲು ತಾವಿರಲಿಲ್ಲ. 1981ರ ಜುಲೈಯಲ್ಲಿ, ಭರಮಳೆಯ ನಡುವೆ, ಫುಟ್‌ಪಾತಿನ ನಿವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಸಾಗಿಸಬೇಕೆಂದು ಅಂದಿನ ಮುಖ್ಯಮಂತ್ರಿ ಅಂತುಳೆಯವರು ಅಪ್ಪಣೆ ಮಾಡಿದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ನ್ಯಾಯಾಲಯದ ಮೊರೆಹೋದದ್ದರಿಂದ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತು. ತೆರವಿಗೆ ಅಡ್ಡಿಯಿಲ್ಲವೆಂದೂ ಅದೇ ತೀರ್ಪು ಹೇಳಿತೆನ್ನುವುದು ನಿಜ. ಆದರೂ ಪರವೂರಿನಿಂದ ಬಂದವನು ಬರಿಯ ಸಾಗಹಾಕಬೇಕಾದ ಸರಕಲ್ಲ, ಹಕ್ಕುಳ್ಳ ಪ್ರಜೆ ಎಂಬುದು ಅಂದು ಸ್ಥಿರಪಟ್ಟಿತು.

ಗಮನಿಸಬೇಕಾದ ಸಂಗತಿ ಇದು: ಈ ದೇಶದಲ್ಲಿ ಹಕ್ಕುರಕ್ಷಣೆಯ ಒಂದೊಂದು ಮೆಟ್ಟಿಲನ್ನೂ ಕಟ್ಟಿದವರು ಜನರೇ ಹೊರತು ಸರಕಾರಗಳಲ್ಲ. ಶೀಲಾ ಬರ್ಸೆ ಎಂಬ ಪತ್ರಕರ್ತೆ ಮುಂಬಯಿಯ ಸೆರೆಮನೆಯಲ್ಲಿ ಹದಿನೈದು ಮಂದಿ ಸ್ತ್ರೀಕೈದಿಗಳೊಡನೆ ಮಾತನಾಡಿ ಬರೆದ ಪತ್ರದಿಂದಾಗಿ, 1983ರಲ್ಲಿ ಹೆಂಗಸರನ್ನು ಪ್ರತ್ಯೇಕ ಲಾಕಪ್ಪಿನಲ್ಲಿ ಸ್ತ್ರೀಪೊಲೀಸರ ಕಾವಲಿನಲ್ಲಿಡಬೇಕೆಂಬ ಆದೇಶ ಹೊರಟಿತು. ಪಶ್ಚಿಮ ಬಂಗಾಲದ ಕಾನೂನು ನೆರವು ಸಂಸ್ಥೆಯೊಂದರ ಡಿ. ಕೆ. ಬಸು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರದಿಂದ ಬಂಧನದ ನಿಯಮಗಳು ಹುಟ್ಟಿದವು. ಅದೇ ಮೊಕದ್ದಮೆಯಲ್ಲಿ 2015ರ ಜುಲೈ 24ರಂದು, ಆಯೋಗವಿಲ್ಲದ ರಾಜ್ಯಗಳು ಆರು ತಿಂಗಳಲ್ಲಿ ಅದನ್ನು ರಚಿಸಬೇಕು, ಖಾಲಿ ಸ್ಥಾನಗಳನ್ನು ಮೂರು ತಿಂಗಳಲ್ಲಿ ತುಂಬಬೇಕು ಎಂಬ ಆಜ್ಞೆಯಾಯಿತು. ಎರಡು ಪತ್ರಗಳು! ನಮ್ಮ ಸಂಘಗಳು ವರ್ಷಕ್ಕೆ ಎಷ್ಟು ಆಮಂತ್ರಣ ಪತ್ರಿಕೆಗಳನ್ನು ಅಚ್ಚುಹಾಕುತ್ತವೆಂಬುದನ್ನು ಓದುಗರು ಬಲ್ಲರು.

ನಮ್ಮವರೇ ಒಬ್ಬರು ಈ ದಾರಿಯನ್ನು ತೋರಿಹೋಗಿದ್ದಾರೆ. ಸುರತ್ಕಲ್ಲಿನ ಬಳಿಯ ಹೊಸಬೆಟ್ಟಿನಲ್ಲಿ 1929ರಲ್ಲಿ ಹುಟ್ಟಿ, ಬೊಂಬಾಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ 1991ರಲ್ಲಿ ನಿವೃತ್ತರಾದ ಹೊಸಬೆಟ್ಟು ಸುರೇಶ್ ಅವರು. ಅವರು ನಿವೃತ್ತಿಯ ಅನಂತರ ಆರಾಮಕುರ್ಚಿಯನ್ನು ಹಿಡಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿಯ ನೆಪದಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದ ಹಿಂಸೆಯ ನಾಗರಿಕ ವಿಚಾರಣೆಯಲ್ಲಿ ಪಾಲ್ಗೊಂಡರು. ಅನ್ಯರ ನಾಡಿನಲ್ಲಿ ನೆಲಸಿದವರ ಸಂಕಟವನ್ನು ಬಲ್ಲ ಕನ್ನಡಿಗನೇ ಕನ್ನಡನಾಡಿನಲ್ಲಿ ನೆಲಸಿದ ಅನ್ಯರ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದರು. 1992-93ರ ಮುಂಬಯಿ ಗಲಭೆಗಳನ್ನು ಕುರಿತು ನ್ಯಾಯಮೂರ್ತಿ ದಾವೂದ್ ಅವರೊಡನೆ ಅವರು ನಡೆಸಿದ ಜನತಾ ವಿಚಾರಣೆಯ ವರದಿ 1993ರಲ್ಲೇ ಹೊರಬಂತು. ಸರಕಾರ ನೇಮಿಸಿದ್ದ ಶ್ರೀಕೃಷ್ಣ ಆಯೋಗವನ್ನಾದರೋ 1996ರ ಜನವರಿಯಲ್ಲಿ ಸರಕಾರವೇ ಮುಚ್ಚಿ, ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಅದರ ವರದಿ ಬಂದದ್ದು 1998ರಲ್ಲಿ. ಕರ್ನಾಟಕದ ಗಡಿ ಮುಚ್ಚಿದ ಮರುತಿಂಗಳು, 2020ರ ಜೂನ್ 11ರಂದು, ಸುರೇಶ್ ಇದೇ ನಗರದಲ್ಲಿ ತೀರಿಕೊಂಡರು.

ಇನ್ನು ಕಾಯಿದೆಯ ಮಾತು. ಮೂರು ದಶಕಗಳಿಂದ ಸರಕಾರಿ ಕಡತಗಳ ನಡುವೆ ಬದುಕಿದವನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ: ಕಾಯಿದೆಯ ಬಲ ಅದರ ಪೀಠಿಕೆಯಲ್ಲಿಲ್ಲ, ಕ್ರಿಯಾಪದದಲ್ಲಿದೆ. ರಾಜ್ಯವು ಆಯೋಗವನ್ನು ರಚಿಸ'ಬಹುದು' ಎನ್ನುತ್ತದೆ 21ನೆಯ ಕಲಮು. ಆ 'ಬಹುದು' ಎಂಬುದರ ಬಲದಿಂದಲೇ ಮಹಾರಾಷ್ಟ್ರ ಎಂಟು ವರ್ಷ ಕಾಯಿಸಿತು, ಕರ್ನಾಟಕ ಅದಕ್ಕಿಂತಲೂ ಹೆಚ್ಚು. ವಿಚಾರಣೆಯ ಕೊನೆಗೆ ಆಯೋಗ ಮಾಡುವುದು ಶಿಫಾರಸು. ಸರಕಾರ ಒಂದು ತಿಂಗಳಲ್ಲಿ ತನ್ನ ಅಭಿಪ್ರಾಯ ತಿಳಿಸಿದರೆ ಸಾಕು. ಘಟನೆ ನಡೆದು ಒಂದು ವರ್ಷ ಕಳೆದರೆ ದೂರು ವಿಚಾರಣೆಗೆ ನಿಲ್ಲದು. ಪೆಟ್ಟುತಿಂದು ಊರು ಸೇರಿದ ಕೂಲಿಯವನು ಸುಧಾರಿಸಿಕೊಳ್ಳುವ ಹೊತ್ತಿಗೆ ಆ ವರ್ಷ ಮುಗಿದಿರುತ್ತದೆ. ರಾಜ್ಯ ಆಯೋಗದ ಅಧ್ಯಕ್ಷರನ್ನೂ ಸದಸ್ಯರನ್ನೂ ಆರಿಸುವ ಸಮಿತಿಯಲ್ಲಿ ಗೃಹಸಚಿವರಿಗೆ ಪೀಠವಿದೆ, ಅವರ ಕೈಕೆಳಗಿನ ಪೊಲೀಸರ ಮೇಲೆಯೇ ದೂರು ಬರುವುದಾದರೂ. ನಾಗರಿಕ ಸಂಸ್ಥೆಗಳಿಗೆ ಮಣೆಯೂ ಇಲ್ಲ. ಇಂಥ ಕೊರತೆಗಳನ್ನು ಜಗತ್ತು ಗಮನಿಸದೆ ಇಲ್ಲ. ಮಾನವ ಹಕ್ಕು ಸಂಸ್ಥೆಗಳ ಜಾಗತಿಕ ಒಕ್ಕೂಟವು 2023 ಮತ್ತು 2024ರಲ್ಲಿ ನಮ್ಮ ರಾಷ್ಟ್ರೀಯ ಆಯೋಗದ ಮಾನ್ಯತೆಯ ನವೀಕರಣವನ್ನು ಮುಂದೂಡಿತು.

ಆದುದರಿಂದ ನಮ್ಮ ಬೇಡಿಕೆ ಏನಾಗಬೇಕು? ಮೊದಲನೆಯದಾಗಿ, ರಾಷ್ಟ್ರೀಯ ಆಯೋಗದ ಪಶ್ಚಿಮ ಪ್ರಾದೇಶಿಕ ಕಚೇರಿ ಮುಂಬಯಿಯಲ್ಲಿ ತೆರೆಯಬೇಕು. ರಾಜ್ಯರಾಜ್ಯಗಳ ನಡುವೆ ಸಿಕ್ಕಿಕೊಂಡ ವಲಸಿಗರ ದೂರುಗಳು ಅಲ್ಲಿ ದಾಖಲಾಗಬೇಕು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಕೇಂದ್ರ ಸರಕಾರದ ಪೂರ್ವಾನುಮತಿಯಿಂದ ಆಯೋಗ ದಿಲ್ಲಿಯ ಹೊರಗೂ ಕಚೇರಿ ತೆರೆಯಬಹುದೆಂದು 3ನೆಯ ಕಲಮಿನಲ್ಲೇ ಇದೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬೆಳಗಾವಿಯಲ್ಲಿ ಪ್ರಾದೇಶಿಕ ಕಚೇರಿ ತೆರೆದದ್ದು ನಮ್ಮ ಕಣ್ಣಮುಂದಿನ ನಿದರ್ಶನ. ಆಯೋಗ ಆಗಾಗ ರಾಜ್ಯಗಳಲ್ಲಿ ಶಿಬಿರ ನಡೆಸುತ್ತದಲ್ಲ ಎನ್ನಬಹುದು. ಶಿಬಿರ ಬರುತ್ತದೆ, ಹೋಗುತ್ತದೆ; ಲಾಕಪ್ಪು ಅಲ್ಲೇ ಇರುತ್ತದೆ. ಎರಡನೆಯದಾಗಿ, ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ರಾಷ್ಟ್ರೀಯ ಆಯೋಗಕ್ಕೆ ದೂರು ಸಲ್ಲಿಸಲು ನಿಯಮವಿದೆ. ದಿಲ್ಲಿಗೆ ಅರ್ಥವಾಗುವ ಕನ್ನಡ ಮುಂಬಯಿಯ ರಾಜ್ಯ ಆಯೋಗಕ್ಕೂ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರ ಸಲುವಾಗಿ, ಅರ್ಥವಾಗತಕ್ಕದ್ದು. ಮೂರನೆಯದಾಗಿ, ಆ 'ಬಹುದು' ಹೋಗಿ 'ತಕ್ಕದ್ದು' ಬರಬೇಕು. ಒಂದು ವರ್ಷದ ಮಿತಿ ಸಡಿಲಬೇಕು.

ಇದು ಅತಿಯಾಸೆಯಲ್ಲ. ಯುರೋಪಿನ ದೇಶಗಳು 1950ರಲ್ಲಿ, ಆಫ್ರಿಕದ ದೇಶಗಳು 1981ರಲ್ಲಿ ಗಡಿ ಮೀರಿದ ಹಕ್ಕುಗಳ ಒಪ್ಪಂದ ಮಾಡಿಕೊಂಡವು. ಆಗ್ನೇಯ ಏಷ್ಯದ ದೇಶಗಳು 2009ರಲ್ಲಿ ಒಂದು ಆಯೋಗವನ್ನೇ ಸ್ಥಾಪಿಸಿಕೊಂಡವು. ಪರಸ್ಪರ ಸೈನ್ಯಗಳನ್ನಿಟ್ಟುಕೊಂಡ ಸ್ವತಂತ್ರ ರಾಷ್ಟ್ರಗಳಿಗೆ ಸಾಧ್ಯವಾದದ್ದು ಒಂದೇ ಸಂವಿಧಾನದ ಕೆಳಗಿನ ಎರಡು ರಾಜ್ಯಗಳ ಪ್ರಜೆಗಳಿಗೆ ದುರ್ಲಭವಾಗಬೇಕೆ?

ಆಕ್ಷೇಪಗಳು ಬರುತ್ತವೆ. ಆಯೋಗ ಹಲ್ಲಿಲ್ಲದ ಹುಲಿ ಎನ್ನುವವರಿದ್ದಾರೆ. ಹಾಗಾದರೆ ಹಲ್ಲು ಬರಿಸಬೇಕೆಂದು ಕೇಳಬೇಕೇ ಹೊರತು, ಹುಲಿಯೇ ಬೇಡವೆಂದಲ್ಲ. ಸಂಘದ ಕೆಲಸ ಯಕ್ಷಗಾನ, ನಾಟಕ, ಸಾಹಿತ್ಯ. ಇದು ರಾಜಕೀಯ ಎನ್ನುವವರಿದ್ದಾರೆ. ಹಗಲು ಹೊಟೇಲಿನಲ್ಲಿ ಲೋಟ ತೊಳೆದ ಹುಡುಗರನ್ನು ಕೂರಿಸಿ ಅಕ್ಷರ ಕಲಿಸಿದ ಫೋರ್ಟಿನ ಕನ್ನಡ ರಾತ್ರಿಶಾಲೆಗಳು ಯಾವ ಕಲಾಪ್ರಕಾರಕ್ಕೆ ಸೇರಿದ್ದವು? ನಾವಿಲ್ಲಿ ಅತಿಥಿಗಳು, ತಗ್ಗಿ ಬಾಳಬೇಕು ಎನ್ನುವವರೂ ಇದ್ದಾರೆ. ತೆರಿಗೆ ತೆರುವವನು, ಮತ ಹಾಕುವವನು ಅತಿಥಿಯಲ್ಲ. ಸರಕಾರದ ಉಪ್ಪು ತಿನ್ನುವವನು ಇಷ್ಟು ಬರೆಯಬಹುದೆ ಎಂದು ಸ್ನೇಹಿತರೊಬ್ಬರು ನನ್ನನ್ನೇ ಕೇಳಿದರು. ಸಂಸತ್ತು ಮಾಡಿದ ಕಾಯಿದೆಯನ್ನು ನೆಟ್ಟಗೆ ನಡೆಸಿರೆನ್ನುವುದು ದ್ರೋಹವಾದರೆ ನಿಷ್ಠೆ ಯಾವುದು?

ಮುಂಬಯಿ, ಠಾಣೆ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ, ಸದಸ್ಯರಲ್ಲಿ ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ವಾರಕ್ಕೊಂದು ಸಂಜೆ ಒಂದು ಮೇಜು, ಇಬ್ಬರು ಬಲ್ಲವರು, ದೂರನ್ನು ಕನ್ನಡದಲ್ಲಿ ಕೇಳಿ ಬರೆದುಕೊಳ್ಳುವ ಒಂದು ವಹಿ, ಇಷ್ಟರಿಂದ ಆರಂಭವಾಗಲಿ. ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹಾಗೆ ಒಂದು ವರ್ಷದಲ್ಲಿ ಕೂಡಿದ ದೂರುಗಳೇ ಪ್ರಾದೇಶಿಕ ಕಚೇರಿಗಾಗಿ ನಾವು ಸಲ್ಲಿಸುವ ಮನವಿಯ ಆಧಾರವಾಗುತ್ತವೆ. ಅಂಕಿಗಳಿಲ್ಲದ ಅಹವಾಲನ್ನು ಯಾವ ಸಚಿವಾಲಯವೂ ಓದುವುದಿಲ್ಲವೆಂಬುದು ನನ್ನ ವೃತ್ತಿಯ ಅನುಭವ. ಬರುವ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾದ ಬಳಿಕ ಈ ಒಂದು ನಿರ್ಣಯವನ್ನು ಪ್ರತಿಯೊಂದು ಸಂಘವೂ ಚರ್ಚೆಗೆ ಎತ್ತಿಕೊಳ್ಳಲಿ.